ಯಾವ ಎರಡು ತುದಿಗಳ ನಡುವಿನ ವೋಲ್ಟೇಜ್?

ಕನ್ನಡದ ದಿನಬಳಕೆಯಲ್ಲಿ ‘ಕರೆಂಟ್’ ಎಂಬ ಒಂದೇ ಪದದಿಂದ ನಾವು ಹಲವು ಸಂಗತಿಗಳನ್ನು ಹೇಳಿ ಮುಗಿಸುತ್ತೇವೆ. ‘ಕರೆಂಟ್ ಹೋಯಿತು’ ಎಂದಾಗ ಹೋಗಿರುವುದು ವೋಲ್ಟೇಜ್. ‘ಕರೆಂಟ್ ಬಂತು’ ಎಂದ ಕ್ಷಣದಲ್ಲಿ ಮನೆಯ ಸ್ವಿಚ್ಚುಗಳೆಲ್ಲ ಆಫ್ ಆಗಿದ್ದರೆ ಬಂದಿರುವುದು ವೋಲ್ಟೇಜ್ ಮಾತ್ರ; ಕರೆಂಟ್ ಇನ್ನೂ ಎಲ್ಲಿಯೂ ಹರಿಯುತ್ತಿರುವುದಿಲ್ಲ. ‘ಗೀಸರ್ ಬಹಳ ಕರೆಂಟ್ ತಿನ್ನುತ್ತದೆ’ ಎಂಬ ಮಾತು ಸಾಮರ್ಥ್ಯವನ್ನು ಕುರಿತದ್ದು, ‘ಕರೆಂಟ್ ಬಿಲ್’ ಎಂಬುದು ಬಳಸಿದ ಶಕ್ತಿಯ ಲೆಕ್ಕ. ಮಾತಿನಲ್ಲಿ ಇದರಿಂದ ಯಾವ ತೊಂದರೆಯೂ ಇಲ್ಲ, ಏಕೆಂದರೆ ಕೇಳುವವರಿಗೆ ಸಂದರ್ಭದಿಂದಲೇ ಅರ್ಥವಾಗುತ್ತದೆ. ಆದರೆ ಪೆನ್ನು ಹಿಡಿದು ಲೆಕ್ಕ ಹಾಕಲು ಕುಳಿತಾಗ ಈ ನಾಲ್ಕನ್ನೂ ಬೇರೆ ಬೇರೆಯಾಗಿ ಹಿಡಿಯಲೇಬೇಕು.

ಕರೆಂಟ್ ಎಂದರೆ ತಂತಿಯ ಒಂದು ಜಾಗವನ್ನು ಪ್ರತಿ ಸೆಕೆಂಡಿಗೆ ದಾಟಿ ಹೋಗುವ ವಿದ್ಯುದಾವೇಶದ ಪ್ರಮಾಣ. ಆವೇಶವನ್ನು ಕೂಲಮ್‌ಗಳಲ್ಲಿ ಅಳೆಯುತ್ತೇವೆ. ಸೆಕೆಂಡಿಗೆ ಒಂದು ಕೂಲಮ್ ದಾಟಿದರೆ ಅದು ಒಂದು ಆಂಪಿಯರ್. ವೋಲ್ಟೇಜ್ ಎಂಬುದು ಒಂದು ಬಿಂದುವಿನ ಗುಣವಲ್ಲ, ಎರಡು ಬಿಂದುಗಳ ನಡುವಿನ ವ್ಯತ್ಯಾಸ. ಶಾಲಾ ಪಠ್ಯದಲ್ಲಿ ಅದನ್ನು ವಿಭವಾಂತರ ಎಂದು ಕರೆಯುವುದು ಈ ಕಾರಣಕ್ಕೇ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವ ಪ್ರತಿ ಕೂಲಮ್ ಆವೇಶವು ದಾರಿಯಲ್ಲಿ ಒಂದು ಜೂಲ್ ಶಕ್ತಿಯನ್ನು ಬಿಟ್ಟುಕೊಟ್ಟರೆ ಆ ಎರಡು ತುದಿಗಳ ನಡುವೆ ಒಂದು ವೋಲ್ಟ್ ಇದೆ ಎಂದರ್ಥ.

ಇಷ್ಟು ತಿಳಿದ ಮೇಲೆ ಸಾಮರ್ಥ್ಯದ ಸೂತ್ರವನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ. ಪ್ರತಿ ಕೂಲಮ್‌ಗೆ ಇಷ್ಟು ಜೂಲ್ ಎಂಬುದು ವೋಲ್ಟೇಜ್, ಪ್ರತಿ ಸೆಕೆಂಡಿಗೆ ಇಷ್ಟು ಕೂಲಮ್ ಎಂಬುದು ಕರೆಂಟ್. ಎರಡನ್ನೂ ಗುಣಿಸಿದರೆ ಕೂಲಮ್ ಬಿದ್ದುಹೋಗಿ ಪ್ರತಿ ಸೆಕೆಂಡಿಗೆ ಇಷ್ಟು ಜೂಲ್ ಎಂಬುದು ಉಳಿಯುತ್ತದೆ. ಸೆಕೆಂಡಿಗೆ ಒಂದು ಜೂಲ್ ಎಂಬುದನ್ನೇ ನಾವು ಒಂದು ವ್ಯಾಟ್ ಎನ್ನುತ್ತೇವೆ. ಹೀಗಾಗಿ:

ಸಾಮರ್ಥ್ಯ = ವೋಲ್ಟೇಜ್ × ಕರೆಂಟ್

ರೋಧದ ಸೂತ್ರ ಭಾಗಾಕಾರದ್ದು. ಒಂದು ಆಂಪಿಯರ್ ಹರಿಸಲು ಎಷ್ಟು ವೋಲ್ಟ್ ಬೇಕಾಗುತ್ತದೆ ಎಂಬುದೇ ರೋಧ. ಅದರ ಮಾನ ಓಮ್.

ರೋಧ = ವೋಲ್ಟೇಜ್ ÷ ಕರೆಂಟ್

ಈ ಮಾನಕ್ಕೆ ಹೆಸರು ಕೊಟ್ಟ ಗಿಯೋರ್ಗ್ ಸೈಮನ್ ಓಮ್ 1789ರಲ್ಲಿ ಜರ್ಮನಿಯ ಎರ್ಲಾಂಗೆನ್‌ನಲ್ಲಿ ಹುಟ್ಟಿದವರು, ಕಲೋನ್ ನಗರದ ಶಾಲೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಕಲಿಸುತ್ತಿದ್ದವರು. ಅಂದಿನ ರಾಸಾಯನಿಕ ಬ್ಯಾಟರಿಗಳ ವೋಲ್ಟೇಜ್ ಪ್ರಯೋಗದ ನಡುವೆಯೇ ಇಳಿದುಹೋಗುತ್ತಿದ್ದುದರಿಂದ ಅವರ ಮೊದಲ ಅಳತೆಗಳು ನಿಲ್ಲಲಿಲ್ಲ. ಆಗ ಅವರು ಬಿಸ್ಮತ್ ಮತ್ತು ತಾಮ್ರದ ಜೋಡಿಯೊಂದನ್ನು ತೆಗೆದುಕೊಂಡು, ಅದರ ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇಟ್ಟು, ಆ ಉಷ್ಣತೆಯ ವ್ಯತ್ಯಾಸದಿಂದ ಹುಟ್ಟುವ ಸಣ್ಣ ಆದರೆ ಅಲುಗಾಡದ ವೋಲ್ಟೇಜನ್ನು ಬಳಸಿದರು. ಅದರಿಂದ ದೊರೆತ ನಿಯಮವನ್ನು 1827ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ಕಾಪ್ಲಿ ಪದಕ ಕೊಟ್ಟದ್ದು 1841ರಲ್ಲಿ.

ಈಗ ಸ್ನಾನದ ಮನೆಯ ಗೀಸರನ್ನು ತೆಗೆದುಕೊಳ್ಳೋಣ. ಅದರ ಮೇಲೆ 230 ವೋಲ್ಟ್, 2000 ವ್ಯಾಟ್ ಎಂದು ಬರೆದಿದೆ. ಸಾಮರ್ಥ್ಯವನ್ನು ವೋಲ್ಟೇಜಿನಿಂದ ಭಾಗಿಸಿದರೆ ಕರೆಂಟ್ ಸುಮಾರು 8.7 ಆಂಪಿಯರ್, 230ನ್ನು ಈ 8.7ರಿಂದ ಭಾಗಿಸಿದರೆ ಕಾಯಿಲಿನ ರೋಧ ಸುಮಾರು 26.5 ಓಮ್. ಮನೆಯ ಸಣ್ಣ ಪ್ಲಗ್ ಪಾಯಿಂಟು 6 ಆಂಪಿಯರಿನದು, ಅಂದರೆ 230 ವೋಲ್ಟ್‌ನಲ್ಲಿ 1380 ವ್ಯಾಟಿಗೆ ಅದರ ಮಿತಿ ಮುಗಿಯಿತು. ಆದ್ದರಿಂದ ಗೀಸರಿಗೆ 16 ಆಂಪಿಯರಿನ ಪವರ್ ಪ್ಲಗ್ಗೇ ಬೇಕು. ಬಕೆಟ್ಟಿನಲ್ಲಿ ಇಳಿಬಿಡುವ 1500 ವ್ಯಾಟಿನ ರಾಡಿಗೂ 6.5 ಆಂಪಿಯರ್ ಬೇಕಾಗುವುದರಿಂದ ಸಣ್ಣ ಪಾಯಿಂಟು ಅದಕ್ಕೂ ಸಾಲದು. ನಮ್ಮ ಮನೆಗಳಿಗೆ ಬರುವುದು ದಿಕ್ಕು ಬದಲಾಯಿಸುತ್ತಲೇ ಇರುವ ಎಸಿ ವಿದ್ಯುತ್ತಾದರೂ ಈ ಲೆಕ್ಕ ಹಾಗೆಯೇ ನಡೆಯುತ್ತದೆ, ಏಕೆಂದರೆ 230 ಎಂಬ ಸಂಖ್ಯೆಯನ್ನು ಆರಿಸಿರುವುದೇ ಅಷ್ಟು ವೋಲ್ಟಿನ ಬ್ಯಾಟರಿ ಕೊಡುವಷ್ಟೇ ಶಾಖವನ್ನು ಅದೂ ಕೊಡುವ ಹಾಗೆ. ವೋಲ್ಟೇಜಿನ ಅಲೆಯು ತನ್ನ ತುತ್ತತುದಿಯಲ್ಲಿ ಸುಮಾರು 325 ವೋಲ್ಟ್ ಮುಟ್ಟುತ್ತದೆ.

ಊರಿನಲ್ಲಿ ವೋಲ್ಟೇಜ್ 180ಕ್ಕೆ ಇಳಿದ ದಿನ ಇದೇ ಗೀಸರ್ ಎಷ್ಟು ಕೆಲಸ ಮಾಡುತ್ತದೆ? ಇಲ್ಲಿ ಹಲವರು ‘2000 ವ್ಯಾಟ್ ಎಂದು ಬರೆದಿದೆಯಲ್ಲ, ಹಾಗಾದರೆ 2000 ಭಾಗಿಸು 180’ ಎಂದು ಹೊರಡುತ್ತಾರೆ. ಅದು ತಪ್ಪು. ಗೀಸರಿನಲ್ಲಿ ಹೆಚ್ಚುಕಡಿಮೆ ಬದಲಾಗದೆ ಉಳಿಯುವುದು ಸಾಮರ್ಥ್ಯವಲ್ಲ, ರೋಧ. ಅದರ ಕಾಯಿಲ್ ನಿಕ್ರೋಮ್ ಎಂಬ ಮಿಶ್ರಲೋಹದ್ದು, ಬಿಸಿಯಾದರೂ ಅದರ ರೋಧ ಹೆಚ್ಚು ಏರುವುದಿಲ್ಲ. ಆದ್ದರಿಂದ 180ನ್ನು 26.5ರಿಂದ ಭಾಗಿಸಬೇಕು: ಕರೆಂಟ್ 6.8 ಆಂಪಿಯರಿಗೆ ಇಳಿಯುತ್ತದೆ. ವೋಲ್ಟೇಜ್ ಮತ್ತು ಕರೆಂಟ್ ಎರಡೂ ಇಳಿದಿರುವುದರಿಂದ ಅವುಗಳ ಗುಣಲಬ್ಧ ಇನ್ನೂ ಕೆಳಗೆ ಹೋಗಿ ಸುಮಾರು 1225 ವ್ಯಾಟಿಗೆ ನಿಲ್ಲುತ್ತದೆ. ಹದಿನೈದು ಲೀಟರ್ ನೀರನ್ನು 20 ಡಿಗ್ರಿಯಿಂದ 50 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಸುಮಾರು 18.8 ಲಕ್ಷ ಜೂಲ್ ಬೇಕು. 2000 ವ್ಯಾಟಿನಲ್ಲಿ ಅದು ಹದಿನಾರು ನಿಮಿಷದ ಕೆಲಸ, 1225 ವ್ಯಾಟಿನಲ್ಲಿ ಇಪ್ಪತ್ತಾರು ನಿಮಿಷದ್ದು. ಬಿಲ್ಲಿನಲ್ಲಿ ಮಾತ್ರ ಹೇಳುವಂಥ ವ್ಯತ್ಯಾಸ ಬರುವುದಿಲ್ಲ, ಏಕೆಂದರೆ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್ ಶಕ್ತಿ. ಅದನ್ನು ಬೇಗ ಬಳಸಿದರೂ ನಿಧಾನವಾಗಿ ಬಳಸಿದರೂ ಯೂನಿಟ್ ಯೂನಿಟ್ಟೇ.

ಮೇಲಿನ ಎರಡು ಸೂತ್ರಗಳನ್ನು ಒಂದರೊಳಗೊಂದು ಸೇರಿಸಿದರೆ ಸಾಮರ್ಥ್ಯಕ್ಕೆ ಇನ್ನೆರಡು ರೂಪಗಳು ಸಿಗುತ್ತವೆ: ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಬಹುದು, ಇಲ್ಲವೇ ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಬಹುದು. ಮೊದಲನೆಯ ರೂಪವನ್ನು, ತಂತಿಯಲ್ಲಿ ಹುಟ್ಟುವ ಶಾಖದ ನಿಯಮವಾಗಿ, ಜೇಮ್ಸ್ ಪ್ರೆಸ್ಕಾಟ್ ಜೂಲ್ ಪ್ರಯೋಗದಿಂದಲೇ ಕಂಡುಕೊಂಡು 1841ರಲ್ಲಿ ಪ್ರಕಟಿಸಿದರು. ಈ ಎರಡು ರೂಪಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ವಿದ್ಯಾರ್ಥಿಗೆ ಸಹಜವಾಗಿಯೇ ಗೊಂದಲವಾಗುತ್ತದೆ. ಒಂದರಲ್ಲಿ ರೋಧ ಹೆಚ್ಚಿದಷ್ಟೂ ಸಾಮರ್ಥ್ಯ ಹೆಚ್ಚು, ಇನ್ನೊಂದರಲ್ಲಿ ರೋಧ ಹೆಚ್ಚಿದಷ್ಟೂ ಸಾಮರ್ಥ್ಯ ಕಡಿಮೆ; ಎರಡೂ ಸರಿ ಇರುವುದು ಹೇಗೆ? ಇದು ಒಳ್ಳೆಯ ಪ್ರಶ್ನೆ, ‘ಸೂತ್ರ ಹಾಗಿದೆ, ಬರೆದುಕೊಳ್ಳಿ’ ಎಂದು ಅದನ್ನು ತಳ್ಳಿಹಾಕಬಾರದು. ಉತ್ತರ ಇಷ್ಟೇ: ಸೂತ್ರದಲ್ಲಿರುವ ವೋಲ್ಟೇಜ್, ಕರೆಂಟ್, ರೋಧ ಮೂರೂ ಒಂದೇ ವಸ್ತುವಿನವು ಆಗಿರಬೇಕು, ಒಂದೇ ಹೊತ್ತಿನವೂ ಆಗಿರಬೇಕು. ಲೆಕ್ಕದಲ್ಲಿ ಆಗುವ ತಪ್ಪುಗಳಲ್ಲಿ ಬಹುಪಾಲು ಒಂದರ ರೋಧಕ್ಕೆ ಇನ್ನೊಂದರ ವೋಲ್ಟೇಜನ್ನು ಜೋಡಿಸಿದ್ದರಿಂದ ಆಗುವಂಥವು ಎಂದೇ ನನ್ನ ಅನುಭವ.

ನಮ್ಮ ಮನೆಯಲ್ಲಿ ಒಮ್ಮೆ ಗೀಸರಿನ ಪ್ಲಗ್ಗಿನ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಕರಗಿತ್ತು. ಗೀಸರ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತು, ಕರೆಂಟ್ ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚಾದ ಎಂಸಿಬಿ ಒಮ್ಮೆಯೂ ಬಿದ್ದಿರಲಿಲ್ಲ. ಸಾಕೆಟ್ಟಿನ ಒಳಗಿನ ಹಿತ್ತಾಳೆಯ ಹಿಡಿತ ಸಡಿಲವಾಗಿ, ಪಿನ್ನು ಅದಕ್ಕೆ ಪೂರ್ತಿಯಾಗಿ ತಾಗದೆ, ಆ ಜಾಗದಲ್ಲಿ ಸಣ್ಣದೊಂದು ರೋಧ ಹುಟ್ಟಿಕೊಂಡಿತ್ತು. ಅದು ಅರ್ಧ ಓಮ್ ಎಂದಿಟ್ಟುಕೊಳ್ಳೋಣ. ಅದರ ಮೂಲಕ ಹರಿಯುವುದು ಗೀಸರಿನ ಅದೇ 8.7 ಆಂಪಿಯರ್. ವರ್ಗ ಮಾಡಿ ಅರ್ಧದಿಂದ ಗುಣಿಸಿದರೆ ಸುಮಾರು 38 ವ್ಯಾಟ್. ಕಡಲೆಬೀಜದಷ್ಟು ಜಾಗದಲ್ಲಿ 38 ವ್ಯಾಟ್ ಎಂದರೆ ಸಾಮಾನ್ಯವಲ್ಲ. ತವರದ ಬೆಸುಗೆಯನ್ನು ಕರಗಿಸುವ ಸಣ್ಣ ಸೋಲ್ಡರಿಂಗ್ ಐರನ್ನಿನ ಸಾಮರ್ಥ್ಯ 25 ವ್ಯಾಟ್. ಇಲ್ಲಿ ಯಾರಾದರೂ 230ರ ವರ್ಗವನ್ನು ಅರ್ಧದಿಂದ ಭಾಗಿಸಿದರೆ ಒಂದು ಲಕ್ಷ ವ್ಯಾಟ್ ಮೀರಿದ ಅಸಂಬದ್ಧ ಉತ್ತರ ಬರುತ್ತದೆ, ಏಕೆಂದರೆ ಆ 230 ವೋಲ್ಟ್ ಸಡಿಲ ಜಾಗದ ಎರಡು ತುದಿಗಳ ನಡುವೆ ಇಲ್ಲ. ಅಲ್ಲಿರುವುದು 8.7 ಗುಣಿಸು 0.5, ಅಂದರೆ 4.35 ವೋಲ್ಟ್ ಮಾತ್ರ. ಉಳಿದದ್ದೆಲ್ಲ ಕಾಯಿಲಿನ ಪಾಲು. 4.35ರ ವರ್ಗವನ್ನು ಅರ್ಧದಿಂದ ಭಾಗಿಸಿ ನೋಡಿ, ಅದೇ 38 ವ್ಯಾಟ್ ಬರುತ್ತದೆ. ಎಂಸಿಬಿ ಏಕೆ ಸುಮ್ಮನಿತ್ತು ಎಂಬುದಕ್ಕೂ ಇದರಲ್ಲಿಯೇ ಉತ್ತರವಿದೆ: ಅದು ಗಮನಿಸುವುದು ಕರೆಂಟನ್ನು, ಕರೆಂಟಾದರೋ 16 ಆಂಪಿಯರಿನ ಒಳಗೇ ಇತ್ತು. ಬಿಸಿಯಾದ ಪ್ಲಗ್ಗನ್ನು ಕೈಯಿಂದ ಮುಟ್ಟಿ ತಿಳಿಯಬೇಕೇ ಹೊರತು ಯಾವ ಸ್ವಿಚ್ಚೂ ನಮಗಾಗಿ ತಿಳಿದು ಹೇಳುವುದಿಲ್ಲ. ಅದೇ ಸಾಕೆಟ್ಟಿಗೆ ಅರ್ಧ ಆಂಪಿಯರಿನ ಫ್ಯಾನನ್ನು ಹಾಕಿದ್ದರೆ ಆ ಜಾಗದ ಶಾಖ ಒಂದು ವ್ಯಾಟಿನ ಎಂಟನೆಯ ಒಂದು ಪಾಲಾಗುತ್ತಿತ್ತು, ದೋಷ ವರ್ಷಗಟ್ಟಲೆ ಗೊತ್ತಾಗುತ್ತಲೇ ಇರಲಿಲ್ಲ.

ಕಡಿಮೆ ವೋಲ್ಟಿನ ಸರ್ಕ್ಯೂಟುಗಳಲ್ಲಿಯೂ ಇದೇ ವಿವೇಕ ಬೇಕು. 12 ವೋಲ್ಟಿನ ಬ್ಯಾಟರಿಯಿಂದ ಒಂದು ಬಿಳಿಯ ಎಲ್‌ಇಡಿಯನ್ನು ಉರಿಸಬೇಕು, ಅದಕ್ಕೆ 3 ವೋಲ್ಟ್ ಮತ್ತು 0.02 ಆಂಪಿಯರ್ ಬೇಕು ಎನ್ನೋಣ. ಅದರ ಜೊತೆ ಸರಣಿಯಲ್ಲಿ ಹಾಕುವ ರೆಸಿಸ್ಟರಿನ ಬೆಲೆಯನ್ನು ಕಂಡುಹಿಡಿಯಲು 12ನ್ನಲ್ಲ, ರೆಸಿಸ್ಟರಿನ ತುದಿಗಳ ನಡುವೆ ಉಳಿಯುವ 9 ವೋಲ್ಟನ್ನು 0.02ರಿಂದ ಭಾಗಿಸಬೇಕು. ಉತ್ತರ 450 ಓಮ್. ಅಂಗಡಿಯಲ್ಲಿ ಸಿಗುವುದು 470ರದು, ಅದನ್ನೇ ಹಾಕಬಹುದು. ಅದರಲ್ಲಿ ಶಾಖವಾಗುವುದು 0.18 ವ್ಯಾಟಿನೊಳಗೆ, ಆದ್ದರಿಂದ ಕಾಲು ವ್ಯಾಟಿನ ರೆಸಿಸ್ಟರ್ ಸಾಕು. ಇಂಥ ಲೆಕ್ಕಗಳನ್ನು ಕೈಯಾರೆ ಮಾಡಿ ನೋಡಬೇಕೆನ್ನುವ ಮಕ್ಕಳು ಬ್ಯಾಟರಿಯೊಂದಿಗೇ ಮಾಡಬೇಕು, ಮನೆಯ ಪ್ಲಗ್ಗಿನೊಂದಿಗೆ ಎಂದಿಗೂ ಅಲ್ಲ.

ಒಂದೇ ಹೊತ್ತಿನ ಅಳತೆಗಳಾಗಿರಬೇಕು ಎಂಬುದಕ್ಕೆ ಹಳೆಯ ಕಾಲದ ತಂತುದೀಪ, ಅಂದರೆ ಹಳದಿ ಬೆಳಕಿನ ಬಲ್ಬು, ಒಳ್ಳೆಯ ನಿದರ್ಶನ. 60 ವ್ಯಾಟಿನ ಬಲ್ಬು 230 ವೋಲ್ಟಿನಲ್ಲಿ 0.26 ಆಂಪಿಯರ್ ಎಳೆಯುತ್ತದೆ. ಭಾಗಿಸಿದರೆ ರೋಧ ಸುಮಾರು 880 ಓಮ್. ಅದೇ ಬಲ್ಬನ್ನು ಹೋಲ್ಡರಿನಿಂದ ಬಿಚ್ಚಿ ಮಲ್ಟಿಮೀಟರಿನಿಂದ ಅಳೆದರೆ ಅದರ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ ಸಂಖ್ಯೆ ಕಾಣಿಸುತ್ತದೆ. ಮೀಟರ್ ಕೆಟ್ಟಿಲ್ಲ, ಓಮ್‌ನ ನಿಯಮವೂ ಸುಳ್ಳಾಗಿಲ್ಲ. ಉರಿಯುವಾಗ ಒಳಗಿನ ಟಂಗ್‌ಸ್ಟನ್ ತಂತು 2000 ಡಿಗ್ರಿಗೂ ಮೀರಿ ಕಾಯುತ್ತದೆ, ಲೋಹ ಕಾದಂತೆ ಅದರ ರೋಧ ಏರುತ್ತದೆ. ತಣ್ಣಗಿನ ರೋಧವನ್ನೂ ಉರಿಯುವಾಗಿನ ವೋಲ್ಟೇಜನ್ನೂ ಒಟ್ಟಿಗೆ ಸೂತ್ರಕ್ಕೆ ಹಾಕಿದರೆ ಆ ಪುಟ್ಟ ಬಲ್ಬಿಗೆ ನೂರಾರು ವ್ಯಾಟಿನ ಸಾಮರ್ಥ್ಯ ಬಂದುಬಿಡುತ್ತದೆ. ಆದರೆ ಆ ಉತ್ತರವೂ ಪೂರ್ತಿ ಸುಳ್ಳಲ್ಲ. ಸ್ವಿಚ್ ಒತ್ತಿದ ಮೊದಲ ಕ್ಷಣದ ತುಣುಕಿನಲ್ಲಿ, ತಂತು ಇನ್ನೂ ತಣ್ಣಗಿರುವಾಗ, ಅಷ್ಟು ದೊಡ್ಡ ಕರೆಂಟ್ ನಿಜವಾಗಿಯೂ ಹರಿಯುತ್ತದೆ. ಹಳೆಯ ಬಲ್ಬುಗಳು ಉರಿಯುತ್ತಿರುವಾಗ ಹೋಗುವುದಕ್ಕಿಂತ ಸ್ವಿಚ್ ಹಾಕಿದಾಗ ‘ಟಪ್’ ಎಂದು ಹೋಗುತ್ತಿದ್ದುದು ಇದರಿಂದಲೇ.

ರೈತರ ಪಂಪ್‌ಸೆಟ್ಟಿಗೆ ಬಂದಾಗ ಲೆಕ್ಕಕ್ಕೆ ಇನ್ನೊಂದು ತಿರುವು ಸಿಗುತ್ತದೆ. ಸಿಂಗಲ್ ಫೇಸಿನ ಒಂದು ಎಚ್‌ಪಿ ಮೋಟಾರ್ 230 ವೋಲ್ಟಿನಲ್ಲಿ 6 ಆಂಪಿಯರ್ ಎಳೆಯುತ್ತಿದೆ ಎನ್ನೋಣ. ಭಾಗಿಸಿದರೆ 38 ಓಮ್ ಬರುತ್ತದೆ, ಆದರೆ ವೈಂಡಿಂಗಿನ ತಾಮ್ರದ ರೋಧವನ್ನು ಮೀಟರಿನಲ್ಲಿ ಅಳೆದರೆ ಅದಕ್ಕಿಂತ ಬಹಳ ಕಡಿಮೆ ಇರುತ್ತದೆ. ಮೋಟಾರಿನಲ್ಲಿ ಕರೆಂಟನ್ನು ತಡೆದು ಹಿಡಿದಿರುವುದು ತಂತಿಯ ರೋಧವೊಂದೇ ಅಲ್ಲ. ತಿರುಗುವ ಕಾಂತಕ್ಷೇತ್ರವು ವೈಂಡಿಂಗಿನಲ್ಲಿ ಎದುರು ವೋಲ್ಟೇಜನ್ನು ಹುಟ್ಟಿಸುತ್ತಿರುತ್ತದೆ. ಹೀಗಾಗಿ 38 ಎಂಬುದು ರೋಧವಲ್ಲ, ಇಂಪೀಡೆನ್ಸ್, ಅಂದರೆ ಇವೆಲ್ಲ ಸೇರಿದ ಒಟ್ಟು ತಡೆ. ಸಾಮರ್ಥ್ಯದ ಲೆಕ್ಕವೂ ಬದಲಾಗುತ್ತದೆ: ವೋಲ್ಟೇಜಿನ ಅಲೆ ಮತ್ತು ಕರೆಂಟಿನ ಅಲೆ ಒಟ್ಟಿಗೆ ಏರಿಳಿಯದ ಕಾರಣ, 230ನ್ನು 6ರಿಂದ ಗುಣಿಸಿದ 1380ನ್ನು ಮತ್ತೆ ಪವರ್ ಫ್ಯಾಕ್ಟರ್ ಎಂಬ, ಒಂದಕ್ಕಿಂತ ಚಿಕ್ಕ ಸಂಖ್ಯೆಯಿಂದ ಗುಣಿಸಬೇಕು. ಅದು 0.8 ಆಗಿದ್ದರೆ ಮೋಟಾರ್ ಪಡೆಯುವ ಸಾಮರ್ಥ್ಯ ಸುಮಾರು 1100 ವ್ಯಾಟ್. ಒಂದು ಎಚ್‌ಪಿ ಎಂದರೆ 746 ವ್ಯಾಟ್. ಅಷ್ಟು ತಿರುಗಣೆಯ ಕೆಲಸವಾಗಿ ಹೊರಬರುತ್ತದೆ, ಉಳಿದದ್ದು ಬಿಸಿಯಾಗುತ್ತದೆ.

ವೋಲ್ಟೇಜ್ ಇಳಿದಾಗ ಗೀಸರ್ ತನ್ನ ಪಾಡಿಗೆ ಕಡಿಮೆ ಕಾಯುತ್ತದೆ, ಮೋಟಾರ್ ಹಾಗಲ್ಲ. ಬಾವಿಯ ನೀರಿನ ಭಾರ ಇಳಿದಿರುವುದಿಲ್ಲವಾದ್ದರಿಂದ, ಅದು ಹೆಚ್ಚುಕಡಿಮೆ ಅಷ್ಟೇ ಸಾಮರ್ಥ್ಯವನ್ನು ಪಡೆಯಲು ಹೆಚ್ಚು ಕರೆಂಟನ್ನು ಎಳೆಯುತ್ತದೆ. 170 ವೋಲ್ಟಿಗೆ ಇಳಿದರೆ, ಪವರ್ ಫ್ಯಾಕ್ಟರ್ ಬದಲಾಗಿಲ್ಲವೆಂದು ಸರಳವಾಗಿ ಇಟ್ಟುಕೊಂಡರೂ, 6 ಆಂಪಿಯರ್ ಇದ್ದದ್ದು 8.1 ಆಗುತ್ತದೆ. ವೈಂಡಿಂಗಿನ ಶಾಖ ಕರೆಂಟಿನ ವರ್ಗದಂತೆ ಏರುವುದರಿಂದ ಅದು 1.8 ಪಟ್ಟಾಗುತ್ತದೆ. ಲೋ ವೋಲ್ಟೇಜಿನಲ್ಲಿ ಮೋಟಾರ್ ಸುಟ್ಟುಹೋಯಿತು, ರಿವೈಂಡಿಂಗಿಗೆ ಸಾವಿರಾರು ರೂಪಾಯಿ ಹೋಯಿತು ಎಂದು ರೈತರು ಹೇಳುವ ಮಾತಿನ ಹಿಂದೆ ಇರುವುದು ಈ ವರ್ಗದ ಲೆಕ್ಕ. ವೋಲ್ಟೇಜ್ ಹೆಚ್ಚಾದರೆ ಮಾತ್ರ ಸುಡುತ್ತದೆ, ಕಡಿಮೆಯಾದರೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಎಷ್ಟೋ ಮನೆಗಳಲ್ಲಿ ಇನ್ನೂ ಇದೆ, ಅದನ್ನು ಬಿಡಬೇಕು.

ವೋಲ್ಟೇಜ್ ಇಳಿಯುವುದಾದರೂ ಎಲ್ಲಿ? ದಾರಿಯ ತಂತಿಯಲ್ಲಿ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಮೀಟರಿಗೆ 0.017 ಓಮ್ ರೋಧವಿದೆ. ಉದ್ದ ಹೆಚ್ಚಿದಷ್ಟೂ ಅದು ಹೆಚ್ಚು, ದಪ್ಪ ಹೆಚ್ಚಿದಷ್ಟೂ ಕಡಿಮೆ. ಮನೆಯೊಳಗೆ ಇದು ಲೆಕ್ಕಕ್ಕೆ ಬಾರದಷ್ಟು ಸಣ್ಣದು, ನೂರಾರು ಕಿಲೋಮೀಟರಿನ ದಾರಿಯಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. 1902ರಲ್ಲಿ ಮೈಸೂರು ಸಂಸ್ಥಾನವು ಶಿವನಸಮುದ್ರದಲ್ಲಿ ಕಾವೇರಿಯ ಧುಮುಕುವ ನೀರಿನಿಂದ ವಿದ್ಯುತ್ ತೆಗೆದು, ಅದನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ದಾಗ ಎಂಜಿನಿಯರುಗಳ ಮುಂದಿದ್ದ ಪ್ರಶ್ನೆ ಇದೇ ಆಗಿತ್ತು. ಅವರು ಆ ಮಾರ್ಗದ ವೋಲ್ಟೇಜನ್ನು ಮೂವತ್ತು ಸಾವಿರದ ಮಟ್ಟಕ್ಕೆ ಏರಿಸಿದರು.

ಏಕೆ ಎಂಬುದಕ್ಕೆ ಒಂದು ಸರಳ ಲೆಕ್ಕ ನೋಡೋಣ. ಇಲ್ಲಿನ ಸಂಖ್ಯೆಗಳು ಆ ಮಾರ್ಗದವಲ್ಲ, ತಿಳಿಯಲು ನಾನೇ ಆರಿಸಿಕೊಂಡವು. ಒಟ್ಟು 10 ಓಮ್ ರೋಧದ ಎರಡು ತಂತಿಗಳ ಮೂಲಕ 300 ಕಿಲೋವ್ಯಾಟ್ ಕಳುಹಿಸಬೇಕು. 3000 ವೋಲ್ಟಿನಲ್ಲಿ ಕಳುಹಿಸಿದರೆ ಕರೆಂಟ್ 100 ಆಂಪಿಯರ್. ತಂತಿಯಲ್ಲಿ 100ರ ವರ್ಗ ಗುಣಿಸು 10, ಅಂದರೆ 100 ಕಿಲೋವ್ಯಾಟ್, ಕಳುಹಿಸಿದ್ದರ ಮೂರನೆಯ ಒಂದು ಪಾಲು, ದಾರಿಯ ಗಾಳಿಯನ್ನು ಬಿಸಿ ಮಾಡಿಕೊಂಡೇ ಹೋಗುತ್ತದೆ. 30,000 ವೋಲ್ಟಿನಲ್ಲಿ ಕಳುಹಿಸಿದರೆ ಕರೆಂಟ್ 10 ಆಂಪಿಯರ್, ನಷ್ಟ ಬರೀ ಒಂದು ಕಿಲೋವ್ಯಾಟ್. ವೋಲ್ಟೇಜ್ ಹತ್ತು ಪಟ್ಟಾದಾಗ ನಷ್ಟ ನೂರನೆಯ ಒಂದು ಪಾಲಿಗೆ ಇಳಿಯಿತು. ವೋಲ್ಟೇಜಿನ ವರ್ಗ ಭಾಗಿಸು ರೋಧ ಎಂಬ ರೂಪವನ್ನು ಹಿಡಿದವರು ಇಲ್ಲಿ 30,000ವನ್ನು ಹಾಕಿದರೆ ಒಂಬತ್ತು ಕೋಟಿ ವ್ಯಾಟ್ ನಷ್ಟ ಎಂಬ, ಕಳುಹಿಸಿದ್ದರ ಮುನ್ನೂರು ಪಟ್ಟು ನಷ್ಟದ ಉತ್ತರ ಬರುತ್ತದೆ. ಪ್ಲಗ್ಗಿನ ಸಡಿಲ ಪಿನ್ನಿನಲ್ಲಿ ಕಂಡದ್ದೇ ಇದು. 30,000 ವೋಲ್ಟ್ ಇರುವುದು ಒಂದು ತಂತಿಗೂ ಇನ್ನೊಂದು ತಂತಿಗೂ ನಡುವೆ. ತಂತಿಗಳ ಉದ್ದಕ್ಕೂ, ಹೊರಟ ಕಡೆಯಿಂದ ಮುಟ್ಟಿದ ಕಡೆಗೆ, ಬಿದ್ದುಹೋಗುವುದು 10 ಆಂಪಿಯರ್ ಗುಣಿಸು 10 ಓಮ್, ಅಂದರೆ ನೂರೇ ವೋಲ್ಟ್. ನೂರರ ವರ್ಗವನ್ನು ಹತ್ತರಿಂದ ಭಾಗಿಸಿದರೆ ಸಾವಿರ ವ್ಯಾಟ್, ಅದೇ ಒಂದು ಕಿಲೋವ್ಯಾಟ್.

ಇದೇ ಲೆಕ್ಕ ಊರಿನ ಕೊನೆಯ ಮನೆಗೂ ಅನ್ವಯಿಸುತ್ತದೆ. ಟಿಸಿಯ, ಅಂದರೆ ಊರಿನ ಟ್ರಾನ್ಸ್‌ಫಾರ್ಮರಿನ, ಬಳಿ 225 ವೋಲ್ಟ್ ಇದೆ, ಸಾಲಿನ ಕೊನೆಯಲ್ಲಿ 180 ಇದೆ, ಕ್ಲ್ಯಾಂಪ್ ಮೀಟರ್ ಆ ತಂತಿಯಲ್ಲಿ 30 ಆಂಪಿಯರ್ ತೋರಿಸುತ್ತಿದೆ ಎನ್ನೋಣ. ನಡುವೆ ಕಾಣೆಯಾದ 45 ವೋಲ್ಟ್ ತಂತಿಯ ಪಾಲು. ಅದನ್ನು 30ರಿಂದ ಭಾಗಿಸಿದರೆ ಹೋಗಿಬರುವ ತಂತಿಗಳ ಮತ್ತು ಜೋಡಣೆಗಳ ಒಟ್ಟು ರೋಧ 1.5 ಓಮ್, 30ರಿಂದ ಗುಣಿಸಿದರೆ ದಾರಿಯಲ್ಲಿ ಶಾಖವಾಗುತ್ತಿರುವುದು 1350 ವ್ಯಾಟ್. ಅದೇ ಸಾಲಿನಲ್ಲಿ ಇನ್ನೂ ನಾಲ್ಕು ಪಂಪ್‌ಸೆಟ್ ಶುರುವಾದರೆ ಕರೆಂಟ್ ಏರುತ್ತದೆ, ತಂತಿಯ ಪಾಲಿನ ವೋಲ್ಟೇಜ್ ಏರುತ್ತದೆ, ಕೊನೆಯ ಮನೆಯ ವೋಲ್ಟೇಜ್ ಇನ್ನೂ ಇಳಿಯುತ್ತದೆ, ಇಳಿದ ವೋಲ್ಟೇಜಿನಲ್ಲಿ ಪ್ರತಿಯೊಂದು ಮೋಟಾರೂ ಇನ್ನಷ್ಟು ಕರೆಂಟ್ ಎಳೆಯುತ್ತದೆ. ತಂತಿಯನ್ನು ಚದರ ಮಿಲಿಮೀಟರಿನ ಲೆಕ್ಕದಲ್ಲಿ ಎರಡರಷ್ಟು ದಪ್ಪದ್ದಾಗಿ ಬದಲಾಯಿಸಿದರೆ ತಂತಿಯ ಪಾಲಿನ ರೋಧ ಅರ್ಧವಾಗುತ್ತದೆ. 11,000 ವೋಲ್ಟಿನ ಮಾರ್ಗವನ್ನೇ ಹೊಲಗಳ ಹತ್ತಿರಕ್ಕೆ ತಂದು, ದೊಡ್ಡದೊಂದರ ಬದಲು ಸಣ್ಣ ಸಣ್ಣ ಟಿಸಿಗಳನ್ನು ಪಂಪ್‌ಸೆಟ್ಟುಗಳ ಪಕ್ಕದಲ್ಲಿ ನಿಲ್ಲಿಸಿದರೆ, ಕಡಿಮೆ ವೋಲ್ಟಿನ ತಂತಿ ಕೆಲವೇ ಮೀಟರುಗಳಿಗೆ ಇಳಿದು, ಕೊನೆಯ ಮನೆಗೂ ಟಿಸಿಯ ವೋಲ್ಟೇಜೇ ಹೆಚ್ಚುಕಡಿಮೆ ಹಾಗೆಯೇ ಮುಟ್ಟುತ್ತದೆ.